ಬಾಗಿಲ ಮುಂದೆ ನಿಂತವನು

ಬ್ರಹ್ಮಪುರ, ಕಲಬುರಗಿ

ಚಿ. ಶರಣಬಸವನಿಗೆ ನಿನ್ನ ಮಾಮಾನ ಆಶೀರ್ವಾದಗಳು.

ಜೈಲು ವಾರ್ಡರ್ ಕೆಲಸದ ಆರ್ಡರ್ ಬಂತೆಂದು ನಿಮ್ಮವ್ವ ಫೋನ್ ಮಾಡಿದ್ದಳು. ಬಹಳ ಖುಷಿಯಾಯಿತು. ‘ದಿ ಶಾಶಾಂಕ್ ರಿಡೆಂಪ್ಷನ್’ ಸಿನಿಮಾ ಎರಡು ಸಲ ನೋಡಿದೆಯಂತೆ, ಗೋಡೆ ಕೊರೆದು ಗಟಾರದ ಪೈಪಿನಲ್ಲಿ ತೆವಳಿ ಪಾರಾದವನ ಮಾತನ್ನೇ ಆಡುತ್ತೀಯಂತೆ. ನೋಡಿದವರೆಲ್ಲ ಅವನನ್ನೇ ನೆನಪಿಡುತ್ತಾರೆ. ಆದರೆ ನೀನು ಕೀಲಿ ಹಿಡಿಯುವವನು. ದೊಡ್ಡ ಬಾಗಿಲಿನಿಂದಲೇ ಬಿಡುಗಡೆಯಾಗಿ ಹೋದ ಇಬ್ಬರನ್ನು ಇನ್ನೊಮ್ಮೆ ನೋಡು.

ಮುದುಕ ಬ್ರೂಕ್ಸ್ 50 ವರ್ಷ ಒಳಗಿದ್ದವನು. ಬಿಡುಗಡೆ ಎಂದು ತಿಳಿದೊಡನೆ ಜೊತೆಗಾರನ ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ಇನ್ನೊಂದು ಗುನ್ನೆ ಮಾಡಿದರಾದರೂ ಇಲ್ಲೇ ಇಟ್ಟುಕೊಂಡಾರು ಎಂಬ ಆಸೆ. ಒಳಗೆ ಅವನು ಗ್ರಂಥಾಲಯ ನೋಡಿಕೊಳ್ಳುವ ಹಿರಿಯ, ನಾಲ್ಕು ಜನ ಬೆಲೆ ಕೊಡುವ ಮನುಷ್ಯ. ಹೊರಗೆ, ಅಂಗಡಿಯಲ್ಲಿ ಗಿರಾಕಿಗಳ ಚೀಲ ತುಂಬುವ ಮುದುಕ. ಕೊನೆಗೆ ಬಾಡಿಗೆ ಕೋಣೆಯ ತೊಲೆಯ ಮೇಲೆ ಹೆಸರು ಕೆತ್ತಿ ನೇಣು ಹಾಕಿಕೊಳ್ಳುತ್ತಾನೆ. ಮುಂದೆ ಹೊರಬರುವ ರೆಡ್ ಅಂಥದೇ ಕೆಲಸಕ್ಕೆ ಸೇರಿ, ಮೂತ್ರಕ್ಕೆ ಹೋಗಲೂ ಮ್ಯಾನೇಜರನ ಅಪ್ಪಣೆ ಕೇಳುತ್ತಾನೆ. 40 ವರ್ಷದ ರೂಢಿ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲಿ ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ರೋಗಿಗಳ ನಡುವೆ ಓಡಾಡಿ ಇದನ್ನೇ ಕಂಡಿದ್ದ. ಉಣ್ಣುವುದು, ಮಲಗುವುದು, ದುಡಿಯುವುದು ಎಲ್ಲ ಒಂದೇ ಗೋಡೆಯೊಳಗೆ, ಒಂದೇ ಅಧಿಕಾರದ ಕೆಳಗೆ ನಡೆಯುವ ಜಾಗಗಳಿಗೆ ಒಂದೇ ಗುಣವಿರುತ್ತದೆ ಎಂದ. ಬಂದವನ ಬಟ್ಟೆ ಕಳಚುತ್ತಾರೆ, ಸಾಮಾನು ತೆಗೆದಿಡುತ್ತಾರೆ, ಬರಬರುತ್ತಾ ಅವನ ‘ನಾನು’ ಎಂಬುದೂ ಕಳಚಿ ಬೀಳುತ್ತದೆ. ಇದನ್ನು ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದೆ. ಖರೇ ಅರ್ಥವಾದದ್ದು ಮಾತ್ರ ನಮ್ಮ ಓಣಿಯಲ್ಲಿ.

ಓಣಿಯ ತುದಿಮನೆಯವನು 11 ವರ್ಷ ಜೈಲಿನಲ್ಲಿದ್ದು ಬಂದ. ಬಂದ ದಿನ ಸ್ವಂತ ಮನೆಯ ಬಾಗಿಲ ಮುಂದೆ ಕೈ ಕಟ್ಟಿ ನಿಂತುಬಿಟ್ಟ. ಕದ ಬರೀ ಮುಂದೆ ಮಾಡಿತ್ತು, ದೂಡಿದರೆ ಸಾಕು. ಹೆಂಡತಿ ಬಂದು ತೆರೆಯುವವರೆಗೂ ನಿಂತೇ ಇದ್ದ. ರೊಟ್ಟಿ ಉಣ್ಣುವಾಗ ಎಡಗೈಯನ್ನು ತಟ್ಟೆಯ ಸುತ್ತ ಬೇಲಿಯಂತೆ ಇಟ್ಟುಕೊಳ್ಳುತ್ತಿದ್ದ. ದಾಲ್ ಮಿಲ್ಲಿನಲ್ಲಿ ಕೆಲಸ ಕೇಳಿದರೆ ‘ನಾಳೆ ಬಾ’ ಎಂದರು, ಆ ನಾಳೆ ಬರಲೇ ಇಲ್ಲ. ಮಗಳಿಗೆ ಬಂದ ಬೀಗರು ವಿಷಯ ತಿಳಿದು ಚಹಾ ಮುಟ್ಟದೆ ಎದ್ದು ಹೋದರು. ಒಂದು ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಅವನು ಬಂದು ಕೂತಾಗ ಒಬ್ಬೊಬ್ಬರೇ ಎದ್ದರು. ನಾನೂ ಎದ್ದೆ, ಶರಣು. ಕಳಂಕದ ಬಗ್ಗೆ ಪಾಠ ಹೇಳುವವನು ಎದ್ದು ಬಂದೆ. ಕೋರ್ಟು ಕೊಟ್ಟ ಶಿಕ್ಷೆ ಮುಗಿದಿತ್ತು, ನಾವು ಕೊಟ್ಟದ್ದು ಆಗ ಶುರುವಾಗಿತ್ತು.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬಂದೋಬಸ್ತಿನಲ್ಲಿ ಸಡಿಲ ಬಿಡು ಅನ್ನುತ್ತಿಲ್ಲ. ಆದರೆ ಕೈದಿಗಳನ್ನು ಹೆಸರು ಹಿಡಿದು ಕರೆ, ವಯಸ್ಸಾದವರಿಗೆ ‘ರೀ’ ಅನ್ನು. 2022ರ ಸರ್ಕಾರಿ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದ 100 ಜನರಲ್ಲಿ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ, ಕಳಂಕ ಮಾತ್ರ ಆಗಲೇ ಅಂಟಿದೆ. ಇನ್ನೊಂದು ಮಾತು. ಜೈಲಿನಲ್ಲಿ ಜಾತಿ ನೋಡಿ ಒಬ್ಬರಿಗೆ ಅಡುಗೆ, ಇನ್ನೊಬ್ಬರಿಗೆ ಪಾಯಿಖಾನೆ ತೊಳೆಯುವ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿದೆ. ರಿಜಿಸ್ಟರಿನ ಜಾತಿ ಕಾಲಮ್ಮನ್ನೂ ತೆಗೆಯಬೇಕೆಂದಿದೆ. ‘ಮೊದಲಿಂದ ಹೀಗೇ ನಡೆದು ಬಂದಿದೆ’ ಎಂದು ಯಾರಾದರೂ ಅಂದರೆ ಒಪ್ಪಿ ತಲೆಯಾಡಿಸಬೇಡ. ಬಿಡುಗಡೆ ಹತ್ತಿರ ಬಂದವರ ಜೊತೆ ಐದು ನಿಮಿಷ ಕೂತು ಊರಿನ ಸುದ್ದಿ ಮಾತಾಡು. ಬಸ್ ಚಾರ್ಜ್ ಈಗ ಎಷ್ಟು, ಫೋನಿನಲ್ಲಿ ದುಡ್ಡು ಕೊಡುವುದು ಹೇಗೆ, ಅಂಥ ಸಣ್ಣ ಸಂಗತಿಗಳೇ ಸಾಕು.

ತುದಿಮನೆಯವನು ಈಗ ಮನೆ ಮುಂದೆ ತರಕಾರಿ ಮಾರುತ್ತಾನೆ. ನಾನು ದಿನಾ ಹೋಗಿ ಕೂತು ಬರುತ್ತೇನೆ. ರಜೆಗೆ ಬಂದಾಗ ನಿನ್ನನ್ನೂ ಕರೆದೊಯ್ಯುತ್ತೇನೆ. ಖಾಕಿ ಹಾಕಿಕೊಂಡು ಬರಬೇಡ, ಕಂಡರೆ ಎದ್ದು ನಿಲ್ಲುತ್ತಾನೆ.

ನಿನ್ನ ಮಾಮಾ