ಪದ್ಮಿನಿ ಸುತ್ತ ಸೇರೋ ಜನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಪ್ರೀಮಿಯರ್ ಪದ್ಮಿನಿ ಕಾರು ತಗೊಂಡೆ ಅಂದ್ಮೇಲೆ ಪೆಟ್ರೋಲ್ ಖರ್ಚಿನ ಜೊತೆ ಬಾಯಿಗೂ ಕೆಲಸ ಬಿತ್ತು ಅಂತಲೇ ಲೆಕ್ಕ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿ ನೋಡು, ಜನ ಸೇರಿಬಿಡ್ತಾರೆ. ಮೊದಲ ಪ್ರಶ್ನೆ, 'ಅಂಬಾಸಡರ್ ಅಲ್ವಾ ಸಾರ್?' ಬೇಜಾರಾಗಬೇಡ. ಅದು ಬಂಗಾಳದ ಉತ್ತರಪಾರದಲ್ಲಿ ತಯಾರಾಗ್ತಿದ್ದ ಕಾರು, ಮೂಲ ಮಾರಿಸ್ ಆಕ್ಸ್‌ಫರ್ಡ್. ಇದು ಮುಂಬೈ ಕುರ್ಲಾದಲ್ಲಿ ತಯಾರಾಗ್ತಿದ್ದದ್ದು, ಮೂಲ ಫಿಯಟ್ 1100, ಇಂಜಿನ್ 1089 ಸಿ.ಸಿ. ಅಷ್ಟು ಹೇಳು, ಸಾಕು.

'ವಿಂಟೇಜ್ ಕಾರಲ್ವಾ?' ಅಂದ್ರೆ ಹೌದು ಅನ್ನಬೇಡ. 2021ರ ಕೇಂದ್ರ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಗಿರಬಾರದು; ವಿಂಟೇಜ್ ಅಂತ ಹೊಸದಾಗಿ ನೋಂದಣಿ ಮಾಡಿಸೋಕೆ 20,000 ರೂಪಾಯಿ ಶುಲ್ಕ, ಆಮೇಲೆ ದಿನಾ ಓಡಿಸೋ ಹಾಗೂ ಇಲ್ಲ. ನಿನ್ನದು ಎಂಬತ್ತರ ದಶಕದ್ದು. ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕಾದ ಹಳೇ ಕಾರು, ಅಷ್ಟೇ.

'ಆ ಕಾಲದ ತಗಡು ನೋಡ್ರೀ!' ಅಂತ ಬೆರಳಗೆಣ್ಣಲ್ಲಿ ಕುಟ್ಟೋರು ಇದ್ದೇ ಇರ್ತಾರೆ. ಕುಟ್ಟಲಿ, ನೀನು ಕಿವಿಗೊಡು. ಬರೀ ತಗಡಾದ್ರೆ ಟಣ್ ಅನ್ನುತ್ತೆ, ಒಳಗೆ ಪುಟ್ಟಿ ಮೆತ್ತಿದ್ರೆ ಡಬ್ ಅನ್ನುತ್ತೆ. ಡಬ್ ಅಂದ ಜಾಗಕ್ಕೆ ಮನೇಲಿ ಆಯಸ್ಕಾಂತ ಇಟ್ಟು ನೋಡು. ಹಿಡಿಯದಿದ್ರೆ ಅಡಿಯಲ್ಲಿ ತುಕ್ಕಿರಬಹುದು. ತಗಡು ಗಟ್ಟಿ, ಅದಕ್ಕೇ ಸೇಫು ಅನ್ನೋದು ಮಾತ್ರ ಸುಳ್ಳು. ಹೊಸ ಕಾರಿನ ಮೂತಿ ಮಡಚಿಕೊಂಡು ಪೆಟ್ಟು ಹೀರುತ್ತೆ, ಇದರಲ್ಲಿ ಪೆಟ್ಟು ನೇರ ಒಳಗೆ ಕೂತವರಿಗೇ.

ನಿಜವಾದ ಪೇಚಾಟ ಬಿಸಿಲಲ್ಲಿ. ಬೆಂಗಳೂರಿಂದ ಹೈವೇಲಿ ಬಂದು ನಿಲ್ಲಿಸಿ ಹತ್ತು ನಿಮಿಷಕ್ಕೆ ಕೀ ತಿರುಗಿಸ್ತೀಯ, ಇಂಜಿನ್ ಹಿಡಿಯಲ್ಲ. 'ಬ್ಯಾಟರಿ ಹೋಗಿದೆ, ತಳ್ರೋ!' ಅಂತ ನಾಲ್ಕು ಜನ ಮುನ್ನುಗ್ತಾರೆ. ಸ್ಟಾರ್ಟರ್ ಜೋರಾಗಿ ತಿರುಗ್ತಿದ್ರೆ ಬ್ಯಾಟರಿ ಸರಿಯಾಗೇ ಇದೆ. ಇಂಜಿನ್ ನಿಂತಾಗ ನೀರು ಓಡಾಡಲ್ಲ, ಫ್ಯಾನ್ ತಿರುಗಲ್ಲ. ಆ ಕಾವಿಗೆ ಇಂಜಿನ್‌ಗೆ ಪೆಟ್ರೋಲ್ ತಳ್ಳೋ ಪಂಪ್‌ನಲ್ಲೂ ಅದಕ್ಕೆ ಗಾಳಿ ಬೆರೆಸೋ ಕಾರ್ಬುರೇಟರ್‌ನಲ್ಲೂ ಪೆಟ್ರೋಲ್ ಕುದ್ದು ಆವಿಯಾಗುತ್ತೆ. ಪಂಪ್ ಆವಿ ತಳ್ಳಲಾರದು. ಬಾನೆಟ್ ಎತ್ತು, ಪಂಪ್ ಮೇಲೂ ಪೈಪ್ ಮೇಲೂ ಒದ್ದೆ ಬಟ್ಟೆ ಹಾಕು, ಹದಿನೈದು ನಿಮಿಷ ಬಿಡು. ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡು. ಪದೇ ಪದೇ ಒತ್ತಬೇಡ. ಯಾರು ಏನೇ ಹೇಳಲಿ ಚೋಕ್ ಎಳೀಬೇಡ, ಕಿಡಿ ಹೊತ್ತಿಸೋ ಪ್ಲಗ್ ಪೆಟ್ರೋಲಲ್ಲಿ ನೆನೆದುಹೋಗುತ್ತೆ. ಉತ್ಸಾಹದಲ್ಲಿ ಯಾರಾದ್ರೂ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ರೆ ತಕ್ಷಣ ತಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ತಳ್ಳಲೇಬೇಕಾಗಿ ಬಂದ್ರೆ ಬಾಗಿಲ ಕಂಬ ಹಿಡಿದು ತಳ್ಳಿಸು. ಡಿಕ್ಕಿ ಮುಚ್ಚಳ ಒತ್ತಿದ್ರೆ ತಗ್ಗು ಬೀಳುತ್ತೆ.

ಫೋಟೋಗೆ ಮಕ್ಕಳನ್ನ ಕೂರಿಸೋದಾದ್ರೆ ಮೊದಲು ಚಕ್ರಕ್ಕೆ ಕಲ್ಲು ಕೊಡು. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇರೋದು, ಸಣ್ಣ ಕೈಗೂ ನ್ಯೂಟ್ರಲ್‌ಗೆ ಬಂದುಬಿಡುತ್ತೆ.

ಮೈಲೇಜ್ ಎಷ್ಟು, ಎಷ್ಟಕ್ಕೆ ಕೊಡ್ತೀರಾ ಅನ್ನೋದಕ್ಕೆ ನಕ್ಕು ಸುಮ್ಮನಾಗು. 'ಈಗಿನ ಪೆಟ್ರೋಲ್ ಇದಕ್ಕೆ ಒಗ್ಗುತ್ತಾ?' ಅಂದವನಿಗೆ ಮಾತ್ರ ಮರ್ಯಾದೆ ಕೊಡು. ಈಗಿನ ಪೆಟ್ರೋಲಿಗೆ ಬೆರೆಸೋ ಶೇ. 20 ಎಥನಾಲ್ ಹಳೇ ರಬ್ಬರನ್ನ ಉಬ್ಬಿಸಿ ಬಿರುಕು ಬಿಡಿಸುತ್ತೆ. ಪೆಟ್ರೋಲ್ ಪೈಪು, ಪಂಪ್‌ನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಎರಡನ್ನೂ ಎಥನಾಲ್ ತಡೆಯೋ ಥರದ್ದಕ್ಕೆ ಬದಲಿಸು, ಪೈಪಾದ್ರೆ ವಿಟಾನ್ ಅನ್ನೋ ರಬ್ಬರಿಂದು ಕೇಳು.

ಇನ್ನು, ಗುಂಪಿನ ಹಿಂದೆ ಸುಮ್ಮನೆ ನಿಂತು, 'ಪಾಯಿಂಟ್ ಗ್ಯಾಪ್ ಎಷ್ಟಿಟ್ಟಿದೀಯಪ್ಪಾ?' ಅಂತ, ಅಂದ್ರೆ ಪ್ಲಗ್‌ಗೆ ಕಿಡಿ ಕೊಡಿಸೋ ಪಾಯಿಂಟ್‌ಗಳ ನಡುವಿನ ಸಂದು ಕೇಳೋ ಹಿರಿಯರು ಸಿಕ್ಕರೆ ಅವರನ್ನ ಬಿಡಬೇಡ. ಟೀ ಕೊಡಿಸಿ ಫೋನ್ ನಂಬರ್ ತಗೋ. ಹಳೇ ಕಾರ್ಬುರೇಟರ್ ಯಾರ ಅಟ್ಟದ ಮೇಲಿದೆ ಅಂತ ಅಂಥವರಿಗೇ ಗೊತ್ತಿರೋದು.

ಇಂತಿ ನಿನ್ನ ಗೆಳೆಯ