ಮಗಳಿಗೊಂದು ಪತ್ರ: ಕೆಳಗಿನ ಗದ್ದೆ ಲೆಕ್ಕ ನೀನೇ ಹಾಕ್ಬೇಕು

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ ಕಾರ್ಪೊರೇಟ್ ಫೈನಾನ್ಸ್, ಅದೇ ಕಂಪನಿ ದುಡ್ಡಿನ ಲೆಕ್ಕದ ಸಬ್ಜೆಕ್ಟ್, ಬಿಟ್ಟು ಎಚ್‌ಆರ್ ತಗೊಳ್ತೀನಿ ಅಂದ್ಯಲ್ಲ, ಆಮೇಲೆ ನಂಗೆ ನಿದ್ದೆನೇ ಹತ್ತಲಿಲ್ಲ ಕಣೆ. ಎಚ್‌ಆರ್ ಇಷ್ಟ ಆಗಿದ್ರೆ ಖಂಡಿತ ತಗೋ, ಬೇಡ ಅನ್ನಲ್ಲ. ಆದ್ರೆ ಇಂಟರ್ನಲ್ಸಲ್ಲಿ ಮಾರ್ಕ್ಸ್ ಕಮ್ಮಿ ಬಂತು, ಕ್ಲಾಸಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದೋರೇ ಜಾಸ್ತಿ, ನಂಗಿದು ತಲೆಗೆ ಹೋಗಲ್ಲ ಅಂತ ಹೆದರಿ ಬಿಡ್ತಿದ್ರೆ ಸ್ವಲ್ಪ ತಡಿ.

ನೀನು ಸಂಕ್ ಕಾಸ್ಟ್ ಅಂದ್ರೆ ಹಾಕಿಯಾಗಿದ್ದು, ವಾಪಸ್ ಬರದ ದುಡ್ಡು ಅಂತ ಹೇಳ್ದಾಗ ನಂಗೆ ನೆನಪಾಗಿದ್ದು ನಮ್ಮ ಬೋರು. ನೀನಾಗ ಹೈಸ್ಕೂಲು. 300 ಅಡಿಗೂ ಬರೀ ಬಿಳಿ ಧೂಳು, ಲಾರಿಯವನು ನಿಲ್ಲಿಸ್ಲಾ ಅಮ್ಮ ಅಂತ ಕೇಳ್ದ, ಇಷ್ಟು ದುಡ್ಡು ಹಾಕಾಗಿದೆ ಇನ್ನೊಂದು ನೂರಡಿ ನೋಡೋಣ ಅಂದಿದ್ದು ಅಪ್ಪಯ್ಯ ಅಲ್ಲ, ನಾನು. ಸೆರಗಲ್ಲಿ ಮೂಗು ಮುಚ್ಕೊಂಡು ನಿಂತಿದ್ದೆ, 480ರವರೆಗೂ ಧೂಳೇ. ಹಾಕಿದ್ದು ಹೋಯ್ತು, ಮುಂದಿನ ನೂರಡಿಗೆ ನೀರು ಸಿಗೋ ಲಕ್ಷಣ ಇದ್ಯಾ ಅಂತಷ್ಟೇ ಕೇಳ್ಬೇಕಿತ್ತು. ಅವತ್ತು ಅದನ್ನ ಹೇಳೋರು ಮನೇಲಿ ಇರ್ಲಿಲ್ಲ.

ಇನ್ನು ನೀನು ಅಳ್ತಾ ಹೇಳಿದ್ಯಲ್ಲ, ಮೊಡಿಗ್ಲಿಯಾನಿ, ಮಿಲ್ಲರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1958ರಲ್ಲಿ ಬರೆದಿದ್ದು, ಟ್ಯಾಕ್ಸ್ ಇಲ್ಲ ದಿವಾಳಿ ಖರ್ಚಿಲ್ಲ ಅಂತಿಟ್ಕೊಂಡ್ರೆ ಸಾಲದ ದುಡ್ಡಾದ್ರೂ ಸ್ವಂತದ್ದಾದ್ರೂ ಕಂಪನಿ ಬೆಲೆ ಒಂದೇ ಅಂತ, ಅದು ನಂಗೆ ಬೆಳಿಗ್ಗೆ ದೋಸೆ ಹೊಯ್ಯುವಾಗ ಹೊಳೀತು. ಸೊಸೈಟಿ ಕೌಂಟರಲ್ಲಿ ಕೂತು ಇಷ್ಟು ವರ್ಷ ನೋಡಿದ್ದು ಅದೇ. ಅಕ್ಕಪಕ್ಕದ ಎರಡು ತೋಟ, ಒಂದೇ ಫಸಲು, ಒಂದೇ ರಾಶಿ ಅಡಿಕೆ. ಆದ್ರೆ ಕೈಸಾಲ ಮಾಡ್ಕೊಂಡವ್ರು ಒಣಗಿದ ತಕ್ಷಣ ಬಂದ ರೇಟಿಗೆ ಕೊಟ್ಬಿಡ್ತಾರೆ, ಸಾಲ ಇಲ್ದವ್ರು ಅಟ್ಟದ ಮೇಲಿಟ್ಟು ಒಳ್ಳೆ ರೇಟ್ ಬರೋ ತನಕ ಕಾಯ್ತಾರೆ. ಅಡಿಕೆ ಒಂದೇ ಆದ್ರೂ ಕೈಗೆ ಬಂದ ದುಡ್ಡು ಬೇರೆ. ಆ ಥಿಯರಿ ಪಕ್ಕಕ್ಕಿಡೋ ದಿವಾಳಿ ಖರ್ಚು, ಅಂದ್ರೆ ಸಾಲದ ಒತ್ತಡಕ್ಕೆ ಬೀಳೋ ನಷ್ಟ, ಇದೇ ತರದ್ದು ಅಲ್ವಾ ಪುಟ್ಟಿ? ಇದನ್ನ ನಿಮ್ಮ ಸರ್ ಹತ್ರ ಕೇಳಿ ನೋಡು, ಸಂಕೋಚ ಬೇಡ. ಕೊಳೆ ಬಂದ ವರ್ಷ ಎಷ್ಟು ಉದುರುತ್ತೆ ಅಂತ ಬುಟ್ಟೀಲಿ ಹೆಕ್ಕಿ ನೋಡಿರೋ ಹುಡುಗಿ ನೀನು, ಫಾರ್ಮುಲಾ ಕಲಿಯೋಕೆ ನಿಂಗೆ ಎಷ್ಟೊತ್ತು.

ಈಗ ನಿಜವಾದ ವಿಷಯ. ಅಪ್ಪಯ್ಯ ಕೆಳಗಿನ ಒಂದೆಕರೆ ಗದ್ದೆ ಮುಚ್ಚಿ ಅಡಿಕೆ ಹಾಕ್ಬೇಕು ಅಂತ ಹಠ ಹಿಡಿದಿದ್ದಾರೆ. ಒಂಬತ್ತಡಿಗೊಂದರಂತೆ ಸುಮಾರು 540 ಗಿಡ. ಐದಾರು ವರ್ಷ ಬರೀ ಖರ್ಚು, ಮಧ್ಯ ಬಾಳೆ ಹಾಕಿದ್ರೆ ಒಂಚೂರು ಬರುತ್ತೆ ಅಷ್ಟೆ. ಐದು ವರ್ಷ ಬಿಟ್ಟು ಬರೋ 1 ಲಕ್ಷ, ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಲೆಕ್ಕದಲ್ಲಿ ಇವತ್ತಿಗೆ ಬರೀ 62 ಸಾವಿರ ಚಿಲ್ಲರೆ ಅಂತ ರಜೆಗೆ ಬಂದಾಗ ನೀನೇ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ್ದೆ. ನಾನು ಹೇಳಿದ್ರೆ ಅವ್ರು ಕೇಳಲ್ಲ, ನಿನ್ನ ಮಾತು ಕೇಳ್ತಾರೆ. ಎಲೆಚುಕ್ಕಿ ರೋಗ ಬಂದ್ರೆ ಏನು, ರೇಟ್ ಅರ್ಧಕ್ಕೆ ಬಿದ್ರೆ ಏನು, ಬೇರೆ ಬೇರೆ ಹಾಕಿ, ಮುಂದೆ ಬರೋ ಹೋಗೋ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ತಂದು ಕೂಡಿ ಕಳೆದು ಸಿಗೋ ಎನ್‌ಪಿವಿ ನೋಡು. ಗದ್ದೆ ಹೋದ್ರೆ ಮನೆ ಅಕ್ಕಿನೂ ದುಡ್ಡು ಕೊಟ್ಟು ತರ್ಬೇಕು, ಅದನ್ನೂ ಸೇರಿಸು.

ಆಳಿನ ಕೂಲಿ, ಗೊಬ್ಬರ, ಮೈಲುತುತ್ತದ ಖರ್ಚು ಎಲ್ಲ ನೋಟ್‌ಬುಕ್ಕಲ್ಲಿ ಬರೆದಿದ್ದೀನಿ, ಫೋಟೋ ಕಳಿಸ್ತೀನಿ. ಲೋನ್ ಬಡ್ಡಿ ಈ ತಿಂಗಳದ್ದೂ ಕಟ್ಟಾಯ್ತು, ಅದ್ರ ಚಿಂತೆ ಬಿಡು. ನಾಳೆ ರಾತ್ರಿ ಬಸ್ಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕೊಡ್ತೀನಿ, ಬೆಳಿಗ್ಗೆ ಮರೀದೆ ಇಸ್ಕೋ.

ಅಮ್ಮ