ಡ್ರಿಲ್ ಮಷೀನಿನ ಕೆಳಗೆ ಕ್ರಾಸ್ ಸ್ಲೈಡ್ ಟೇಬಲ್: ಮಾರುವವರು ಹೇಳದೆ ಬಿಟ್ಟ ಮಾತು

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಸಂಜೆ ನಮ್ಮ ಓಣಿಯ ಹುಡುಗನೊಬ್ಬ ಎಡಗೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದ. ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಹೆಬ್ಬೆರಳಿನ ಬುಡಕ್ಕೆ ಮೂರು ಹೊಲಿಗೆ ಬಿದ್ದಿದ್ದವು. ‘ಮನೆಯಲ್ಲೇ ಮಿಲ್ಲಿಂಗ್’ (ತಿರುಗುವ ಕಟರಿನಿಂದ ಲೋಹ ಕಡಿದು ಆಕಾರ ಕೊಡುವುದು) ಎಂಬ ಜಾಹೀರಾತು ನೋಡಿ ಬೆಂಚ್ ಡ್ರಿಲ್, ಅದರ ಕೆಳಗೆ ಕೂರಿಸುವ ಕ್ರಾಸ್ ಸ್ಲೈಡ್ ಟೇಬಲ್, ಎಂಡ್ ಮಿಲ್ ಎಂಬ, ಪಕ್ಕಕ್ಕೂ ಕಡಿಯುವ ನಾಲ್ಕು ಕಟರ್ ಎಲ್ಲವನ್ನೂ ಒಟ್ಟಿಗೆ ತರಿಸಿದ್ದ. ಅಲ್ಯೂಮಿನಿಯಂ ತುಂಡಿನಲ್ಲಿ ಸ್ಲಾಟ್, ಅಂದರೆ ಉದ್ದನೆಯ ಗಾಡಿ, ತೆಗೆಯುತ್ತಿದ್ದಾಗ ಕಟರ್ ಹಿಡಿಯುವ ಡ್ರಿಲ್ಲಿನ ಚಕ್ ತಿರುಗುತ್ತಿದ್ದ ಹಾಗೆಯೇ ಕಳಚಿ ಬಿದ್ದಿದೆ. “ಟೇಬಲ್ ಕೆಟ್ಟದ್ದಿರಬೇಕು ಸರ್, ವಾಪಸ್ ಕಳಿಸಿಬಿಡಲಾ?” ಎಂದು ಕೇಳಿದ.

ಟೇಬಲ್ಲಿನ ತಪ್ಪು ಅಲ್ಲ ಅದು. ಒಂಬತ್ತು ವರ್ಷದ ಹಿಂದೆ ಇದೇ ಅವಘಡ ನನ್ನ ಬೆಂಚಿನ ಮೇಲೂ ಆಗಿತ್ತು. ಆಗ ನಾನು ನಿಂತಿದ್ದ ಜಾಗ ಸರಿ ಇತ್ತು, ಅವನು ನಿಂತಿದ್ದ ಜಾಗ ಸರಿ ಇರಲಿಲ್ಲ, ವ್ಯತ್ಯಾಸ ಅಷ್ಟೇ. ನಾನು ಇದನ್ನು ಆಗಲೇ ನಾಲ್ಕು ಜನರಿಗೆ ಹೇಳಬೇಕಿತ್ತು. ಈಗಲಾದರೂ ನಿಮ್ಮ ಪತ್ರಿಕೆಯ ಮೂಲಕ ಹೇಳುತ್ತೇನೆ.

ನಾನು ಮೆಷಿನಿಸ್ಟ್ ಅಲ್ಲ. ಪಿಯು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಸಹಾಯಕನಾಗಿದ್ದವನು. ಸೋನೊಮೀಟರ್, ಸ್ಪೆಕ್ಟ್ರೋಮೀಟರ್, ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಒರೆಸಿ, ಎಣ್ಣೆ ಹಾಕಿ, ಮುರಿದದ್ದನ್ನು ಸರಿಮಾಡಿ ಮಕ್ಕಳ ಕೈಗೆ ಕೊಡುವುದೇ ನನ್ನ ಕೆಲಸವಾಗಿತ್ತು. ತಂತಿಯ ಕಂಪನ ಅಳೆಯುವ ಸೋನೊಮೀಟರಿನ ತುದಿಯಲ್ಲಿ ರಾಟೆ ಹಿಡಿಯುವ ಒಂದು ಚಿಕ್ಕ ಬ್ರಾಕೆಟ್ ಇರುತ್ತದೆ. ಅದು ಮುರಿದರೆ ಬಿಡಿಭಾಗ ಸಿಗದು, ಇಡೀ ಸೋನೊಮೀಟರನ್ನೇ ಹೊಸದಾಗಿ ಕೊಳ್ಳಿ ಎನ್ನುತ್ತಿದ್ದರು. ವರ್ಷಕ್ಕೆ ಎರಡಾದರೂ ಮುರಿಯುತ್ತಿದ್ದವು. ಆ ಬ್ರಾಕೆಟ್ಟನ್ನು ನಾನೇ ಮಾಡಬೇಕೆಂಬ ಹಟಕ್ಕೆ ಬಿದ್ದು 6,500 ರೂಪಾಯಿ ಕೊಟ್ಟು ಕ್ರಾಸ್ ಸ್ಲೈಡ್ ಟೇಬಲ್ ಕೊಂಡೆ. ಡ್ರಿಲ್ ಮಷೀನ್ ಮನೆಯಲ್ಲಿ ಮೊದಲೇ ಇತ್ತು.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಡ್ರಿಲ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. ಕ್ರಾಸ್ ಸ್ಲೈಡ್ ಟೇಬಲ್ ಎಂದರೆ ಒಂದರ ಮೇಲೊಂದು ಅಡ್ಡಡ್ಡ ಕೂತ ಎರಡು ಜಾರುಹಲಗೆ. ಒಂದು ಚಕ್ರ ತಿರುಗಿಸಿದರೆ ಎಡಬಲಕ್ಕೆ, ಇನ್ನೊಂದು ತಿರುಗಿಸಿದರೆ ಹಿಂದೆ ಮುಂದೆ. ಕಟರ್ ನಿಂತಲ್ಲೇ ತಿರುಗುತ್ತದೆ, ಕೆಲಸದ ತುಂಡು ಅದರ ಕೆಳಗೆ ಸರಿಯುತ್ತದೆ. ಪಿಯು ಪ್ರಾಕ್ಟಿಕಲ್ ಮಾಡಿದವರೆಲ್ಲ ಇದರ ನೆಂಟನನ್ನು ನೋಡಿದ್ದಾರೆ, ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಇರುವುದೂ ಇಂಥ ಜಾರುಹಲಗೆ ಮತ್ತು ಸ್ಕ್ರೂ.

ಪೆಟ್ಟಿಗೆ ಬಿಚ್ಚಿದ ದಿನ ನನಗೆ ಅಳು ಬರುವುದೊಂದು ಬಾಕಿ. ಕರೀ ಗ್ರೀಸಿನೊಳಗೆ ಎರಕದ ಮರಳು ಕೈಗೆ ಕರಕರ ಸಿಗುತ್ತಿತ್ತು. ಹಸಿರು ಬಣ್ಣ ಜಾರುವ ಮೈಮೇಲೂ ಹರಿದಿತ್ತು. ಚಕ್ರ ಒಂದು ಕಡೆ ಸಡಿಲ, ಅರ್ಧ ಹೋಗುವಷ್ಟರಲ್ಲಿ ಬಿಗಿ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರೆ ಟಕಟಕ ಸದ್ದು. ಅಗ್ಗದ ಟೇಬಲ್ ಅಂದರೆ ಹೀಗೇ. ಎರಕ ಕೆಟ್ಟದ್ದಿರಲಿಲ್ಲ, ಕೂಡಿಸುವ ಕೆಲಸವನ್ನು ಮಾತ್ರ ಯಾರೂ ಪೂರ್ತಿ ಮಾಡಿರಲಿಲ್ಲ. ಆ ಉಳಿದ ಕೆಲಸಕ್ಕೆ ಕೊಡಬೇಕಾದ ದುಡ್ಡೇ ನಮಗೆ ಉಳಿದಿರುವುದು ಎಂದು ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು.

ಆಗ ನೆರವಿಗೆ ಬಂದವರು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಹಳೆಯ ಗೆಳೆಯರು. ಅವರ ಮಾತಿನಂತೆ ಎಲ್ಲವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಜಾರುಹಲಗೆಯ ಪಕ್ಕದಲ್ಲಿ ಗಿಬ್ ಎಂಬ ಉದ್ದನೆಯ ಪಟ್ಟಿ ಇರುತ್ತದೆ, ಸಡಿಲ ಬಿಗಿ ಎಲ್ಲ ಅದರ ಕೈಯಲ್ಲಿದೆ. ನನ್ನದರ ಗಿಬ್ ಬಾಳೆಕಾಯಿಯಂತೆ ಬಾಗಿತ್ತು. ದಪ್ಪ ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು ಎರಡು ಸಂಜೆ ಉಜ್ಜಿದೆ. ಗಾಜಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ಗಿಬ್ಬನ್ನು ಒತ್ತಿ ಎತ್ತಿದರೆ ಎತ್ತರವಿದ್ದ ಕಡೆ ಮಾತ್ರ ನೀಲಿ ಹತ್ತುತ್ತದೆ. ಮೊದಲ ಸಲ ಎರಡು ತುದಿಯಲ್ಲಿ ಎರಡು ಚುಕ್ಕೆ ಬಿದ್ದಿದ್ದವು. ಕೊನೆಗೆ ಮೈತುಂಬ ಸಿಡುಬಿನ ಕಲೆಯಂತೆ ಚುಕ್ಕೆ ಮೂಡಿದಾಗ ಗೆಳೆಯರು, “ಈಗ ಹಾಕ್ರಿ” ಎಂದರು. ಗಿಬ್ಬಿನ ಮೂರು ಸ್ಕ್ರೂಗಳನ್ನು ನಡುವಿನದರಿಂದ ಶುರುಮಾಡಿ ಕಾಲು ಕಾಲು ಸುತ್ತು ಬಿಗಿಸಿ, ನಟ್ ಹಾಕಿ ನಿಲ್ಲಿಸಿದೆ. ಅದೇ ಹಲಗೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಸರಿಯಿತು. ಆ ಸುಖವನ್ನು ನಾನು ಹೇಗೆ ಬರೆಯಲಿ?

ಇನ್ನು ಬ್ಯಾಕ್‌ಲ್ಯಾಶ್. ಸ್ಕ್ರೂ ಗೇಜ್ ಹಿಡಿದ ಮಕ್ಕಳಿಗೆ ನಾನು ಸಾವಿರ ಸಲ ಹೇಳಿದ್ದೇನೆ, ಒಂದೇ ದಿಕ್ಕಿಗೆ ತಿರುಗಿಸಿ ಅಳತೆ ತಗೊಳ್ಳಿ, ಹಿಂದೆ ತಿರುಗಿಸಿದರೆ ಸ್ಕ್ರೂ ಸ್ವಲ್ಪ ದೂರ ಪುಕ್ಕಟೆ ಸುತ್ತುತ್ತದೆ ಎಂದು. ನನ್ನ ಟೇಬಲ್ಲಿನ ಚಕ್ರ ಒಂದು ಸುತ್ತು ಸುತ್ತಿದರೆ ಹಲಗೆ 2.5 ಮಿಲಿಮೀಟರ್ ಸರಿಯುತ್ತದೆ, ಡಯಲ್ ಮೇಲೆ 50 ಗೆರೆ, ಅಂದರೆ ಗೆರೆಗೆ 0.05. ದಿಕ್ಕು ಬದಲಿಸಿದರೆ ಆರು ಗೆರೆ ಪುಕ್ಕಟೆ ಹೋಗುತ್ತಿತ್ತು. ಇದರಲ್ಲಿ ಅರ್ಧ ಸ್ಕ್ರೂ ಹಾಯುವ ನಟ್ಟಿನ ಸಡಿಲದ್ದು, ಅರ್ಧ ಚಕ್ರದ ಬುಡದಲ್ಲಿ ಸ್ಕ್ರೂ ಹಿಂದೆ ಮುಂದೆ ಆಡುವುದರದು. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿಮೀ ದಪ್ಪ ಇರುತ್ತದೆ. ಅದರಿಂದ ವಾಷರ್ ಕತ್ತರಿಸಿ ಬುಡದಲ್ಲಿ ಹಾಕಿದೆ, ಆರು ಗೆರೆ ನಾಲ್ಕಕ್ಕೆ ಇಳಿಯಿತು. ಆ ನಾಲ್ಕನ್ನು ತೆಗೆಯಲು ಹೋಗಲಿಲ್ಲ. ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬಂದರೆ ಸಾಕು, ಮಕ್ಕಳಿಗೆ ಹೇಳಿದ್ದನ್ನು ನಾನೂ ಮಾಡಿದೆ.

ಇಷ್ಟೆಲ್ಲ ಆದಮೇಲೆ ಡ್ರಿಲ್ ಚಕ್ಕಿಗೆ 6 ಮಿಮೀ ಎಂಡ್ ಮಿಲ್ ಸಿಕ್ಕಿಸಿ ಕೆಲಸ ಶುರುಮಾಡಿದೆ. ಮೂರು ಮಿಲಿಮೀಟರ್ ಆಳದ ಸ್ಲಾಟ್ ಬೇಕಿತ್ತು. ಒಂದು ತುದಿಯಲ್ಲಿ ಮೂರು ಇತ್ತು, ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನಾಲ್ಕೂವರೆ. ಟೇಬಲ್ ಓರೆ ಇದೆ ಎಂದುಕೊಂಡು ಎರಡು ದಿನ ಅದನ್ನೇ ಅಳೆದೆ. ಓರೆ ಇದ್ದದ್ದು ನನ್ನ ತಿಳಿವಳಿಕೆ. ಕಟರಿನ ಸುರುಳಿ ಹಲ್ಲು ಲೋಹ ಕಡಿಯುತ್ತ ತನ್ನನ್ನು ತಾನೇ ಕೆಳಗೆ ಎಳೆದುಕೊಳ್ಳುತ್ತದೆ. ಚಕ್ಕಿನ ಮೂರು ದವಡೆ ಆ ನುಣುಪಾದ ಗಟ್ಟಿ ಕಾಂಡವನ್ನು ಮೂರು ಗೆರೆಯಲ್ಲಿ ಮಾತ್ರ ಹಿಡಿದಿರುತ್ತವೆ. ಕಟರ್ ಸ್ವಲ್ಪ ಸ್ವಲ್ಪವೇ ಹೊರಗೆ ಜಾರಿ ಬರುತ್ತಿತ್ತು. ಅದು ಗೊತ್ತಾಗುವ ಮೊದಲೇ ಮೂರನೆಯ ದಿನ ಇಡೀ ಚಕ್ ತನ್ನನ್ನು ಹಿಡಿದಿದ್ದ ಟೇಪರಿನಿಂದ (ಒಂದು ಕಡೆ ಕಿರಿದಾಗುವ ಜೋಡಣೆಯಿಂದ) ಬಿಟ್ಟುಕೊಂಡು ಟೇಬಲ್ ಮೇಲೆ ಬಿತ್ತು. ಬಿದ್ದು ಸುಮ್ಮನಾಗಲಿಲ್ಲ, ಬುಗುರಿಯಂತೆ ಕುಣಿದು, ತುಂಡನ್ನು ಹಿಡಿಯುವ ವೈಸಿಗೆ ಹೊಡೆದು, ಗೋಡೆಗೆ ಹೋಗಿ ನಿಂತಿತು. ಗೋಡೆಯ ಸುಣ್ಣದಲ್ಲಿ ಆ ಗಾಯ ಇನ್ನೂ ಇದೆ, ತುಂಬಿಸಲು ನಾನು ಬಿಟ್ಟಿಲ್ಲ.

ಗೆಳೆಯರು ಅದನ್ನು ಒಂದೇ ಮಾತಿನಲ್ಲಿ ತಿಳಿಸಿಕೊಟ್ಟರು: “ಡ್ರಿಲ್ ಅಂದ್ರ ಮ್ಯಾಲಿಂದ ಒತ್ತೂದು, ಮಿಲ್ಲಿಂಗ್ ಅಂದ್ರ ಬಾಜೂದಿಂದ ನೂಕೂದು.” ಡ್ರಿಲ್ಲಿನ ಚಕ್ ಮೋರ್ಸ್ ಟೇಪರ್ ಎಂಬ ಸಣ್ಣ ಇಳಿಜಾರಿನ ಬರೀ ಹಿಡಿತದ ಮೇಲೆ ನಿಂತಿರುತ್ತದೆ. ತೂತು ಕೊರೆಯುವಾಗ ನಾವು ಒತ್ತಿದಷ್ಟೂ ಅದು ಮೇಲಕ್ಕೆ ಬಿಗಿಯಾಗುತ್ತದೆ, ಆದ್ದರಿಂದ ಬೀಳುವುದಿಲ್ಲ. ಮಿಲ್ಲಿಂಗಿನಲ್ಲಿ ಪ್ರತಿ ಹಲ್ಲೂ ಪಕ್ಕದಿಂದ ಕುಟ್ಟುತ್ತದೆ, ಕಟರ್ ಕೆಳಗೆ ಎಳೆಯುತ್ತದೆ. ಮೊಳೆಯನ್ನು ಅಲುಗಿಸಿ ಅಲುಗಿಸಿ ಕೀಳುವಂತೆ ಟೇಪರ್ ಸಡಿಲವಾಗುತ್ತದೆ. ನಿಜವಾದ ಮಿಲ್ಲಿಂಗ್ ಮಷೀನಿನಲ್ಲಿ ಸ್ಪಿಂಡಲ್ ಎಂಬ ತಿರುಗುವ ದಂಡದ ಒಳಗಿಂದ ಒಂದು ಉದ್ದನೆಯ ಬೋಲ್ಟ್ ಇಳಿದು ಕಟರ್ ಹಿಡಿದ ಹೋಲ್ಡರನ್ನು ಮೇಲಕ್ಕೆ ಎಳೆದು ಕಟ್ಟಿರುತ್ತದೆ. ಅದಕ್ಕೆ ಡ್ರಾ ಬಾರ್ ಎನ್ನುತ್ತಾರೆ. ಅದಿಲ್ಲದ ಡ್ರಿಲ್ ಮಷೀನಿಗೆ ಎಂಡ್ ಮಿಲ್ ಜೋಡಿಸಿ ಮಾರುವುದು ಬ್ರೇಕಿಲ್ಲದ ಗಾಡಿ ಮಾರಿದಂತೆ.

ನನ್ನ ಡ್ರಿಲ್ಲಿನ ಸ್ಪಿಂಡಲನ್ನು ಗೆಳೆಯರು ಹೊರತೆಗೆದು, ತಮ್ಮ ಶೆಡ್ಡಿನಲ್ಲಿದ್ದ ಹರಿಹರದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತಿಗೆ ಕಟ್ಟಿ ಉದ್ದಕ್ಕೂ ತೂತು ಕೊರೆದು ಕೊಟ್ಟರು. ಮೇಲಿಂದ 10 ಮಿಮೀ ಬೋಲ್ಟ್ ಇಳಿಸಿ, ಕೆಳಗೆ ಚಕ್ ಬದಲು ಕಟರನ್ನು ಸುತ್ತಲೂ ತಬ್ಬಿ ಹಿಡಿಯುವ ಕೋಲೆಟ್ ಹಾಕಿದೆವು. ಅಂದಿನಿಂದ ಒಮ್ಮೆಯೂ ಬಿದ್ದಿಲ್ಲ. ಎಲ್ಲ ಡ್ರಿಲ್ಲಿಗೂ ಇದು ಆಗದು, ಸ್ಪಿಂಡಲ್ ಹದ ಕೊಟ್ಟು ಗಟ್ಟಿ ಮಾಡಿದ್ದಾದರೆ ಕೊರೆಯಲು ಬಾರದು. ಅಂಥವರು ದಯವಿಟ್ಟು ಎಂಡ್ ಮಿಲ್ ಮುಟ್ಟಬೇಡಿ. ಟೇಬಲ್ ಆಗಲೂ ವ್ಯರ್ಥವಲ್ಲ. ಡಯಲ್ ಎಣಿಸಿ ಸರಿಸುತ್ತ ಹೋದರೆ ಸಾಲಾಗಿ ಹತ್ತು ತೂತನ್ನು ಹೇಳಿದ ಅಂತರಕ್ಕೆ ಹಾಕಬಹುದು. ಸ್ಲಾಟ್ ಬೇಕಿದ್ದರೆ ಒತ್ತೊತ್ತಾಗಿ ತೂತು ಹಾಕಿ, ನಡುವಿನ ಗೋಡೆ ಒಡೆದು, ಅರದಿಂದ ಉಜ್ಜಿ.

ಡ್ರಾ ಬಾರ್ ಇದ್ದರೂ ಡ್ರಿಲ್ ಡ್ರಿಲ್ಲೇ. ಅದರ ಕಂಬ ಸಣ್ಣದು, ಪಕ್ಕದ ಏಟಿಗೆ ನಡುಗುತ್ತದೆ. ನಾನು ಅಲ್ಯೂಮಿನಿಯಂ, ಹಿತ್ತಾಳೆ ಬಿಟ್ಟು ಬೇರೇನೂ ಕಡಿಯುವುದಿಲ್ಲ. ಒಂದು ಸಲಕ್ಕೆ ಕಾಲು ಮಿಲಿಮೀಟರ್ ಆಳ. ಒಂದು ಹಲಗೆ ಸರಿಸುವಾಗ ಇನ್ನೊಂದರ ಗಿಬ್ ಸ್ಕ್ರೂ ಬಿಗಿದು ನಿಲ್ಲಿಸುತ್ತೇನೆ. ತುಂಡನ್ನು ಕಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ನೂಕಬೇಕು, ಜೊತೆಗೆ ನೂಕಿದರೆ ಆ ನಾಲ್ಕು ಗೆರೆ ಸಡಿಲದಲ್ಲಿ ಕಟರ್ ಟೇಬಲನ್ನೇ ತನ್ನತ್ತ ಕಿತ್ತುಕೊಂಡು ಹಲ್ಲು ಮುರಿದುಕೊಳ್ಳುತ್ತದೆ. ಕನ್ನಡಕ ಹಾಕದೆ ಸ್ವಿಚ್ ಮುಟ್ಟುವುದಿಲ್ಲ. ಕೈಗವಸು ಮಾತ್ರ ಹಾಕುವುದಿಲ್ಲ, ತಿರುಗುವ ಕಟರ್ ಅದನ್ನು ಬೆರಳ ಸಮೇತ ಎಳೆಯುತ್ತದೆ. ಹೀಗೆ ಮಾಡಿಕೊಂಡು ನಿವೃತ್ತಿಯವರೆಗೆ ಹದಿನಾಲ್ಕು ಸೋನೊಮೀಟರ್ ಬ್ರಾಕೆಟ್ ಮಾಡಿದೆ, ನಮ್ಮ ಕಾಲೇಜಿಗೆ ಸಾಕಾಗಿ ಉಳಿದದ್ದನ್ನು ಪಕ್ಕದ ಎರಡು ಕಾಲೇಜಿಗೆ ಕೊಟ್ಟೆ.

ಸಂಪಾದಕರೇ, ನನ್ನ ಕೋರಿಕೆ ಎರಡು. ಇಂಥ ಜೋಡಿಗಳನ್ನು ಮಾರುವವರು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ: ಈ ಡ್ರಿಲ್ಲಿಗೆ ಡ್ರಾ ಬಾರ್ ಇಲ್ಲ, ಎಂಡ್ ಮಿಲ್ ಹಾಕಬಾರದು. ಗ್ರಾಹಕರ ಇಲಾಖೆಯವರು ಇದನ್ನು ಕೇಳಿ ಬರೆಸಲಿ. ಮಾರುವವರಿಗೆ ಒಂದು ಸಾಲಿನ ಶಾಯಿ ಖರ್ಚಾಗುತ್ತದೆ, ಅಷ್ಟೇ.

ಎರಡನೆಯದು ನಮ್ಮ ಐಟಿಐಗಳಿಗೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಶುರುಮಾಡಿದ್ದು ಒಂದು ಸೈಕಲ್ ಅಂಗಡಿ. ಯಂತ್ರೋಪಕರಣಗಳ ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ನೀಲಿ ಹಚ್ಚಿ, ಸ್ಕ್ರೇಪರ್ ಹಿಡಿದು, ಕಬ್ಬಿಣದ ಮೈಯನ್ನು ಕೂದಲೆಳೆಯಷ್ಟು ಸಮ ಮಾಡಬಲ್ಲ ಹಿರಿಯರು ಈ ನಾಡಿನ ಎಷ್ಟೋ ಓಣಿಗಳಲ್ಲಿ ಇವತ್ತೂ ಜಗಲಿಯ ಮೇಲೆ ಕೂತಿದ್ದಾರೆ. ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ಮಕ್ಕಳು ತ್ರೀಡಿ ಪ್ರಿಂಟರ್ ಓಡಿಸುವುದನ್ನು ನೋಡಿ ನಾನು ನಿಜಕ್ಕೂ ಸಂತೋಷಪಟ್ಟಿದ್ದೇನೆ. ಆದರೆ ಗಿಬ್ ಉಜ್ಜುವುದನ್ನು ಅವರಿಗೆ ಯಾರು ತೋರಿಸುತ್ತಾರೆ? ಐಟಿಐ ವರ್ಕ್‌ಶಾಪುಗಳನ್ನು ತಿಂಗಳಿಗೊಂದು ಭಾನುವಾರ ತೆರೆದು, ಅಂಥ ಹಿರಿಯರೊಬ್ಬರನ್ನು ಕೂರಿಸಿದರೆ, ನಮ್ಮ ಓಣಿಯ ಹುಡುಗನಂಥವರು ಕೈ ಕೊಯ್ದುಕೊಳ್ಳುವ ಮೊದಲೇ ಅಲ್ಲಿಗೆ ಹೋಗುತ್ತಾರೆ.

ಅವನು ಟೇಬಲ್ ವಾಪಸ್ ಕಳಿಸಲಿಲ್ಲ. ಈಗ ಅದು ಬಿಚ್ಚಿದ ಸ್ಥಿತಿಯಲ್ಲಿ ನನ್ನ ಬೆಂಚಿನ ಮೇಲಿದೆ. ಹೊಲಿಗೆ ಬಿಚ್ಚಿದ ಮರುದಿನದಿಂದ ದಿನಾ ಸಂಜೆ ಆರಕ್ಕೆ ಬಂದು ಗಾಜಿನ ಮೇಲೆ ಗಿಬ್ ಉಜ್ಜುತ್ತಿದ್ದಾನೆ. ನಿನ್ನೆ ನೀಲಿ ಐದು ಕಡೆ ಹತ್ತಿತ್ತು.

— ನಿವೃತ್ತ ಪ್ರಯೋಗಾಲಯ ಸಹಾಯಕ, ಮಾಳಮಡ್ಡಿ, ಧಾರವಾಡ